ರೊಟ್ಟಿ ಮ್ಯಾಲ ತಿರುಗಿದ ಪ್ಲೇಟು

ನಾ ಏನರ ಸುಧಾರಿಸಾಕ ಕೈ ಹಚ್ಚಿದ್ರ ಸಾಕು, ಮನ್ಯಾಗಿನ ಇನ್ನೊಂದು ಸಾಮಾನು ಕೆಡತೈತಿ. ಕಾಲೇಜು ಬಿಟ್ಟು ಕೊಪ್ಪಳದಾಗ ಸುಮ್ನ ಕುಂತ ಹೊಸದರಾಗ ಒಂದು ಹಳೇ ರೆಕಾರ್ಡ್ ಪ್ಲೇಯರ್ ಡಬ್ಬಿ ತಂದಿದ್ದೆ. ರೆಕಾರ್ಡಿಗೆ ಆಗ ನಾವೆಲ್ಲ ಪ್ಲೇಟು ಅಂತಿದ್ವಿ. ಡಬ್ಬಿ ಹಾಡತಿತ್ತು, ಆದ್ರ ನೆಗಡಿ ಬಂದವರಂಗ.

ಅಪ್ಪ ಒಂದ ಮಾತು ಹೇಳಿದ: "ಅಕ್ಕನ ನಿಶ್ಚಯದ ದಿನ ಬೀಗರ ಮುಂದ ಇದು ನೆಟ್ಟಗ ಹಾಡಿತಂದ್ರ ಮನ್ಯಾಗ ಇರಲಿ. ಮರ್ಯಾದಿ ಕಳೀತಂದ್ರ ಡಬ್ಬಿ ಗುಜರಿಗೆ, ನೀ ಮುನಿರಾಬಾದಿಗೆ."

ಮುನಿರಾಬಾದಿನ ಆಫೀಸಿನ್ಯಾಗ ಸೋದರಮಾವ ನನಗಂತ ಒಂದು ಜವಾನನ ಸ್ಟೂಲು ನೋಡಿಟ್ಟಿದ್ದ.

೧. ಬ್ರಷ್

ಪ್ಲೇಟಿನ ಗೆರಿಯೊಳಗಿನ ಧೂಳು ತೆಗ್ಯಾಕ ಮೆತ್ತನ್ನ ಬ್ರಷ್ ಬೇಕಿತ್ತು. ಅಪ್ಪನ ದಾಡಿ ಬ್ರಷ್‌ನ ಅರ್ಧ ಕೂದಲ ಕತ್ತರಿಸಿ, ಐಸ್‌ಕ್ಯಾಂಡಿ ಕಡ್ಡಿಗೆ ದಾರ ಸುತ್ತಿ ಕಟ್ಟಿದೆ. ಹಾಡಿನ ನೆಗಡಿ ಹೋತು.

ಮುಂಜಾನೆ ಅಪ್ಪ ಬ್ರಷ್ ಹಿಡಕೊಂಡು ಹೊರಗ ಬಂದ. "ಏನ್ಲೇ ಇದರ ಗತಿ?"

"ವಯಸ್ಸಾದ್ರ ಉದರತಾವಪ್ಪಾ," ಅಂದೆ, ಅಂವನ ನೆತ್ತಿ ನೋಡಕೋತ.

ಆ ದಿನ ನನ್ನ ಊಟ ಬಾಜೂ ಮನ್ಯಾಗ ಆತು.

೨. ಮಟ್ಟ

ಡಬ್ಬಿ ಸಪಾಟ ಕುಂದರದಿದ್ರ ಸೂಜಿ ಜಾರತೈತಿ. ಖಾಲಿ ಇಂಜೆಕ್ಷನ್ ಬಾಟ್ಲ್ಯಾಗ ನೀರು ತುಂಬಿ, ಒಂದು ಗುಳ್ಳಿ ಬಿಟ್ಟು, ಬೂಚು ಬಡದು, ಡಬ್ಬಿ ಮ್ಯಾಲ ಅಡ್ಡ ಮಲಗಿಸಿದೆ. ಗುಳ್ಳಿ ನಡುವ ನಿಂತ್ರ ಮಟ್ಟ ಸರಿ. ಡಬ್ಬಿ ಎಲ್ಲಿಟ್ರೂ ಗುಳ್ಳಿ ಬಾಗಲ ಕಡೀಗೆ ಓಡತಿತ್ತು. ಅಷ್ಟರಾಗ ನಮ್ಮ ಮನಿ ಕಟ್ಟಿದ ಭಾಗ್ಯನಗರದ ಗೌಂಡಿ ಚಾ ಕುಡ್ಯಾಕ ಬಂದ.

"ಕಾಕಾ, ಮನೀನ ವಾಲೈತಲ್ರಿ?"

ಅಂವ ಬಾಟ್ಲಿ ಬೆಳಕಿಗೆ ಹಿಡದು ನೋಡಿದ. "ಮನಿ ಸರಿ ಐತಿ. ನಿನ್ನ ನೀರಿಗೆ ಅವಸರ ಐತಿ."

ಕಡೀಕ ಒಂದು ಹವಾಯಿ ಚಪ್ಪಲಿ ಕತ್ತರಿಸಿ ಡಬ್ಬಿ ಕೆಳಗ ಕೊಟ್ಟೆ. ಡಬ್ಬಿ ಮಟ್ಟ ಕುಂತಿತು. ಗೌಂಡಿ ಮಾತ್ರ ಒಂದ ಕಾಲಾಗ ಚಪ್ಪಲಿ ಹಾಕ್ಕೊಂಡು, ವಾಲಕೋತ ಮನೀಗೆ ಹೋದ.

೩. ರೊಟ್ಟಿ

ಉಳದದ್ದು ಮೋಟಾರಿನ ಗುರುಗುರು. ಪ್ಲೇಟಿನ ಕೆಳಗಿನ ರಬ್ಬರ್ ಹಾಸು ಹರದು ಹೋಗಿತ್ತು. ಅವ್ವನ ಕಡಕ್ ರೊಟ್ಟಿ ಕಣ್ಣಿಗೆ ಬಿತ್ತು. ಗುಂಡಗ, ತೆಳ್ಳಗ, ಅಳತಿ ತಗೊಂಡು ಬಡದಂಗ! ನಡುವ ತೂತು ಕೊರದು, ತಿರುಗೋ ತಾಟಿನ ಮ್ಯಾಲ ಹಾಸಿದೆ. ಗುರುಗುರು ಬಂದ್.

ನಿಶ್ಚಯಕ್ಕ ತಾವರಗೇರಾದಿಂದ ಬೀಗರು ಬಂದ್ರು. ವರನ ಅಜ್ಜ ಮುತ್ಯಾನ್ನ ಮರ್ಯಾದಿಯಿಂದ ಡಬ್ಬಿ ಬಾಜೂನ ಕುಂದರಿಸಿದ್ವಿ. ಮೊದಲನೇ ಹಾಡು ಭಾಳ ಛಲೋ ಆತು. ಅಪ್ಪ ಮೀಸಿ ತಿರುವಿದ.

"ತಡೀರಿ ಮುತ್ಯಾ, ಇನ್ನೊಂದು ಪ್ಲೇಟು ಹಾಕ್ತೀನಿ," ಅಂದು, ಮುಗದ ಪ್ಲೇಟು ತೆಗದು, ಹೊಸಾದರ ಧೂಳು ಹೊಡ್ಯಾಕ ಆ ಕಡಿ ತಿರುಗಿದೆ. ಹಿಂದ ಕಟಂ ಅಂತು.

ಹೊಳ್ಳಿ ನೋಡ್ತೀನಿ, ಹಾಸು ಮುತ್ಯಾನ ಬಾಯಾಗ!

ಅಪ್ಪ ನನ್ನ ನೋಡಿದ. ನನಗ ಮುನಿರಾಬಾದಿನ ಸ್ಟೂಲು ಕಾಣಾಕ ಹತ್ತಿತು.

ಮುತ್ಯಾ ಸಾವಕಾಶ ಅಗದು ನುಂಗಿದ. "ಪ್ಲೇಟು ಹಾಕ್ತೀನಿ ಅಂತಾನ, ತಿರುಗೋ ತಾಟಿನ್ಯಾಗ ಬಡಸ್ತಾನ! ಇಂಥಾ ಬೀಗರು ಎಲ್ಲಿ ಸಿಗ್ತಾರ? ಹುಡುಗಿ ಮೊದಲ ಪಸಂದ, ಈಗ ರೊಟ್ಟೀನೂ ಪಸಂದ. ಆದ್ರ ನಡುವ ತೂತು ಯಾಕ?"

ಅವ್ವ ಸೆರಗು ಸರಿ ಮಾಡ್ಕೊಂಡು, "ನಮ್ಮ ಮನಿತನದಾಗ ಬೀಗರಿಗೆ ಹಂಗ ಮಾಡೋದ್ರಿ," ಅಂದ್ಲು.

ಡಬ್ಬಿ ಉಳೀತು. ಅವತ್ತಿಂದ ತಾವರಗೇರಾಕ್ಕ ಹೋಗೂವಾಗೆಲ್ಲ ಅವ್ವ ರೊಟ್ಟಿ ಬಡೀತಾಳ, ನಾ ಬಾಜೂಕ ಕುಂತು ತೂತು ಕೊರೀತೀನಿ. ಯಾರರ ಕೇಳಿದ್ರ ಅಪ್ಪ ಹೇಳ್ತಾನ: "ಹುಡುಗ ಕೆಲಸಕ್ಕ ಹತ್ಯಾನ್ರಿ."