ಬೆಕ್ಕಿನ ಪರ ವಕೀಲ

ನನ್ನ ತಮ್ಮನಷ್ಟು ಕಾನೂನು ಓದಿದವರು ಆಗ ಉಡುಪಿಯಲ್ಲೇ ಇರಲಿಲ್ಲ. ಅವನಷ್ಟು ಕಡಿಮೆ ಕೂತು ಓದಿದವರೂ ಇರಲಿಲ್ಲ! ಊಟ ನಿಂತು, ಓದು ನಡೆದು. ನಿದ್ದೆಯನ್ನೇನೋ ಮಲಗಿಯೇ ಮಾಡುತ್ತಿದ್ದ, ಅದರಲ್ಲೂ ಹೊರಳಾಟ.

ಅರುವತ್ತರ ದಶಕದ ಮಾತು. ಕಾಪುವಿನಿಂದ ಬಂದು ನಮ್ಮ ಮನೆಯಲ್ಲಿದ್ದುಕೊಂಡು ಲಾ ಓದುತ್ತಿದ್ದ. ಅವನಿಗೆ ಶಂಕರಪುರದ ಹುಡುಗಿಯೊಬ್ಬಳನ್ನು ನಾನೇ ನೋಡಿ ಗೊತ್ತುಮಾಡಿದ್ದೆ. ಅವಳ ತಂದೆ ಮಲ್ಲಿಗೆ ಬೆಳೆಯುವವರು, ಮಿತಭಾಷಿ. ಷರತ್ತು ಒಂದೇ: ಮೊದಲು ಲಾ ಪಾಸಾಗಲಿ, ಆಮೇಲೆ ಮದುವೆ.

ಲಾ ಪಾಸು ಅಂದರೆ ಸುಮ್ಮನೆಯೇ? ಬಿ.ಎ. ಆಗಿರಬೇಕು, ಆಗಿತ್ತು. ತರಗತಿಯಲ್ಲಿ ಹಾಜರಿ ಬೇಕು, ಅಪರಾಧ ಕಾನೂನಿನ ಪರೀಕ್ಷೆ ದಾಟಬೇಕು, ಅಣಕು ನ್ಯಾಯಾಲಯದಲ್ಲಿ ವಾದಿಸಬೇಕು. ಇವನೋ, ಹಾಜರಿ ಹಾಕುವ ಹೊತ್ತಿಗೆ ಕಾರ್ಕಳದ ಬಸ್ಸು ಹತ್ತಿ, ಕೋರ್ಟಿನ ಅಂಗಳದಲ್ಲಿ ಆರೋಪಿಗಳ ಮನೆಯವರ ಕಷ್ಟ ಕೇಳುತ್ತಾ ತಿರುಗುತ್ತಿದ್ದ. ಹಾಜರಿ ಸಾಲದೆ ಒಂದು ವರ್ಷ ಹಾಳಾಯಿತು. ಹುಡುಗಿಗೆ ಬೇರೆ ಸಂಬಂಧ ಬಂದಿದೆ ಎಂಬ ಸುದ್ದಿ ಕೇಳಿ ನನಗೆ ಅನ್ನ ಸೇರಲಿಲ್ಲ.

ಮನೆಯಲ್ಲೂ ಅವನದ್ದು ಇದೇ ಕತೆ. ಒಮ್ಮೆ ಹುರಿದಿಟ್ಟ ಬಂಗುಡೆ ಮೀನು ಮಾಯವಾಯಿತು. ಬೆಕ್ಕು ಪಕ್ಕದಲ್ಲೇ ಮೀಸೆ ನೆಕ್ಕುತ್ತಿತ್ತು. ನಾನು ಕೋಲು ಎತ್ತಿದೆ, ಇವನು ಅಡ್ಡ ಬಂದ.

"ಕಣ್ಣಾರೆ ಕಂಡವರು ಯಾರುಂಟು ಅಕ್ಕ? ಬರೀ ಸಂಶಯದ ಮೇಲೆ ಶಿಕ್ಷೆ ಕೊಡಲಿಕ್ಕಾಗುವುದಿಲ್ಲ."

ಸಂಶಯದ ಲಾಭ ಬೆಕ್ಕಿಗೆ, ಆ ದಿನ ಬರೀ ಗಂಜಿ ನಮ್ಮ ಯಜಮಾನರಿಗೆ!

ಕೊನೆಗೆ ಅಣಕು ನ್ಯಾಯಾಲಯದ ದಿನ ಬಂತು. ಹುಡುಗಿಯ ತಂದೆಯನ್ನೂ ಕರೆದಿದ್ದೆ, ಹುಡುಗನ ವಾದ ಕೇಳಿದರೆ ಮನಸ್ಸು ಕರಗೀತು ಎಂಬ ಆಸೆ. ಇವನಿಗೆ ಸಿಕ್ಕಿದ್ದು ಸರ್ಕಾರಿ ವಕೀಲನ ಪಾತ್ರ, ಕೋಳಿ ಕದ್ದವನಿಗೆ ಶಿಕ್ಷೆ ಕೊಡಿಸಬೇಕು. ಎಷ್ಟು ಚೆಂದ ವಾದಿಸಿದ ಅಂತೀರಿ! ಆದರೆ ಕಳ್ಳನಾಗಿ ನಿಂತ ಸಹಪಾಠಿ ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುವವನು, ಬೇಕೆಂದಾಗ ಕಣ್ಣೀರು ತರಿಸಬಲ್ಲವನು. ಮುದಿ ತಾಯಿಯ ಹೆಸರೆತ್ತಿ ಗಳಗಳನೆ ಅತ್ತುಬಿಟ್ಟ. ನನ್ನ ತಮ್ಮ ತಡವರಿಸಿದ, ಅತ್ತಿಂದಿತ್ತ ನಡೆದ, ತನ್ನ ಕರವಸ್ತ್ರವನ್ನು ಕಳ್ಳನ ಕೈಗಿಟ್ಟ.

"ಸ್ವಾಮಿ, ಇವನನ್ನು ಬಿಟ್ಟುಬಿಡಿ. ಮನೆಯಲ್ಲಿ ಕಾಯುವವರಿದ್ದಾರೆ."

ನ್ಯಾಯಾಧೀಶರಾಗಿ ಕೂತ ಮೇಷ್ಟ್ರು ತಲೆ ಚಚ್ಚಿಕೊಂಡರು. "ನೀನು ಸರ್ಕಾರದ ವಕೀಲ ಮಾರಾಯ!" ಸಭೆಯೆಲ್ಲ ನಕ್ಕಿತು, ಆ ವರ್ಷವೂ ಹೋಯಿತು. ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು.

ಹುಡುಗಿಯ ತಂದೆಯನ್ನು ಕಳಿಸಲು ಬಸ್ ನಿಲ್ದಾಣಕ್ಕೆ ಹೋದೆವು. ತಮ್ಮ ದೂರದಲ್ಲಿ ಶತಪಥ ಹಾಕುತ್ತಿದ್ದ. ಅವರು ಅವನನ್ನೇ ನೋಡುತ್ತಾ ನಿಂತಿದ್ದರು. ಬಸ್ಸು ಬಂದಾಗ ಅವನಿಗೂ ಕೇಳುವಂತೆ ನನಗೆ ಹೇಳಿದರು:

"ನನ್ನ ಮಗಳದ್ದು ಬಾಯಿ ಸ್ವಲ್ಪ ಜೋರು. ತಾಯಿ ಇಲ್ಲದೆ ಬೆಳೆದದ್ದು. ನಾಳೆ ಅವಳಿಂದ ಎಂತಾದರೂ ತಪ್ಪಾದರೆ, ಇಂಥವರ ಎದುರು ನಿಲ್ಲಲಿ. ಪಾಸು ನಿಧಾನಕ್ಕೆ ಆಗಲಿ, ಮದುವೆ ಈ ವರ್ಷವೇ ಮಾಡುವ."

ಬಸ್ಸು ಹೋಯಿತು. ನನ್ನ ಕಣ್ಣು ತುಂಬಿತ್ತು. ತಿರುಗಿ ನೋಡಿದರೆ, ಹುಟ್ಟಿದಂದಿನಿಂದ ಒಂದು ಕಡೆ ನಿಲ್ಲದ ನನ್ನ ತಮ್ಮ ನಿಲ್ದಾಣದ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ.