ಮಾಮಾನ ಆಟೋಕರೆಕ್ಟ್

ನಮ್ಮ ಮಾಮಾನ ದೃಷ್ಟಿಯಲ್ಲಿ ಕಂಪ್ಯೂಟರಿನಲ್ಲಿ ತಿದ್ದಲಾಗದ್ದು ಯಾವುದೂ ಇಲ್ಲ. ಮಾಮಾನನ್ನು ಮಾತ್ರ ಯಾವ ಕಂಪ್ಯೂಟರೂ ತಿದ್ದಲಾರದು!

ಉಮರ್ಗಾದಲ್ಲಿ ಅವನದು ಕಿರಾಣಿ ಅಂಗಡಿ. ಭೂಕಂಪದಲ್ಲಿ ನಮ್ಮ ಮನೆ ಬಿದ್ದಾಗ ನನ್ನನ್ನು ಕರೆದೊಯ್ದು ಬೆಳೆಸಿ, ಓದಿಸಿದ ಸೋದರಮಾವ. ನಿಲಂಗಾದ ಕಾಲೇಜು ಆಫೀಸಿನಲ್ಲಿ ಕೆಲಸ ಸಿಕ್ಕ ಮೇಲೆ ನಾನೇ ಅವನಿಗೆ ಎಕ್ಸೆಲ್ ಕಲಿಸಿದೆ. ಆಟೋಕರೆಕ್ಟ್ ತೋರಿಸಿದ್ದೂ ನಾನೇ, ಯಾರನ್ನು ದೂರಲಿ? ಈ ಖಾನೆಯಲ್ಲಿ ಚಿಕ್ಕ ಅಕ್ಷರ, ಆ ಖಾನೆಯಲ್ಲಿ ಪೂರ್ತಿ ಮಾತು; ಚಿಕ್ಕದನ್ನು ಒತ್ತಿ ಎಂಟರ್ ಹೊಡೆದರೆ ಪೂರ್ತಿಯದು ತಾನಾಗಿ ಮೂಡುತ್ತದೆ ಎಂದೆ. ಮಾಮಾ ಕೈಮುಗಿದ. ನನಗಲ್ಲ, ಪರದೆಗೆ.

ಮರುವಾರವೇ ‘ತೊ’ ಎಂದು ಒತ್ತಿದರೆ ‘ತೊಗರಿಬೇಳೆ, ಒಂದನೇ ನಂಬರ್, ಹುಳ ಇಲ್ಲ’ ಎಂದು ಬರತೊಡಗಿತು. ದರದ ಹಾಳೆ ಗೋಡೆಗೇರಿತು. ದಾಳಿಂಬ ಎಂಬ ಹಳ್ಳಿಯ ಗಿರಾಕಿಯೊಬ್ಬರು ಓದಿ ಕೇಳಿದರು: “ಸಾವಕಾರ್ರ, ಹುಳ ಇಲ್ಲಂತ ಬರದೀರಿ. ಅಂದ್ರ ಇಷ್ಟ ದಿನ ಇದ್ವೇನ್ರಿ?”

ಆಮೇಲೆ ಮರ್ಯಾದೆಯ ಸರದಿ. ಹಿರಿಯರ ಹೆಸರನ್ನು ಬರಿದಾಗಿ ಬರೆಯುವುದುಂಟೇ? ಉದಗೀರದ ಸಗಟು ವ್ಯಾಪಾರಿಯ ಹೆಸರು ಒತ್ತಿದಲ್ಲೆಲ್ಲ ‘ಅಣ್ಣಾವರಿಗೆ ಶರಣು ಶರಣಾರ್ಥಿ’ ಸೇರಿಕೊಂಡಿತು. ಅದಕ್ಕೆ ಜಾಗ ಸಾಲದೆ ಕಾಲಂ ಅಗಲಿಸಿದ; ತೂಕದ ಕಾಲಂ ಪುಟದಿಂದಾಚೆ ಬಿತ್ತು. ಆರ್ಡರಿನ ಹಾಳೆ ತಲುಪಿದ ಮೇಲೆ ಉದಗೀರದಿಂದ ಫೋನು: “ಶರಣು ಭಾಳ ಬಂದಾವ್ರಿ, ತಗೊಂಡೀವಿ. ಸಕ್ರಿ ಎಷ್ಟ ಕಳಸ್ಬೇಕು, ಅದ ಒಂದ ಹೇಳ್ರಿ!”

ಇಷ್ಟರವರೆಗೆ ನಾನೂ ನಗುತ್ತಿದ್ದೆ.

ಒಂದು ದಿನ ಮಾಮಾ ಬಸ್ಸಿಗೆ ಕಾಯುತ್ತ ನಮ್ಮ ಆಫೀಸಿನಲ್ಲಿ ಕುಳಿತಿದ್ದ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಕಂಪ್ಯೂಟರಿನಲ್ಲೂ ಕೈಚಳಕ ತೋರಿಸಿದ್ದ. ನನಗದು ಗೊತ್ತಿರಲಿಲ್ಲ. ಮರುದಿನ ಕಾಗದ ನೋಡುತ್ತ ನೋಡುತ್ತ ಪರೀಕ್ಷೆ ಮೇಲ್ವಿಚಾರಣೆಯ ಪಟ್ಟಿ ಟೈಪಿಸಿ, ಪರದೆಯತ್ತ ಕಣ್ಣೂ ಹಾಯಿಸದೆ ಪ್ರಿಂಟ್ ತೆಗೆದು ಬೋರ್ಡಿಗೆ ಹಚ್ಚಿಬಿಟ್ಟೆ. ನನ್ನ ನೌಕರಿ ಕಾಯಂ ಮಾಡಬೇಕೋ ಬೇಡವೋ ಎಂದು ನೋಡಲು ಆಡಳಿತ ಮಂಡಳಿಯವರು ಬರುವ ದಿನವೂ ಅದೇ!

ಪಟ್ಟಿಯಲ್ಲಿ ಉಳಿದವರಿಗೆಲ್ಲ ಬರೀ ಹೆಸರು. ನನ್ನದು ಬಂದಲ್ಲೆಲ್ಲ: ‘ಬಿ.ಕಾಂ., ಫಸ್ಟ್ ಕ್ಲಾಸ್, ನಮ್ಮ ಮನೆತನಕ್ಕೇ ಮೊದಲ ಗ್ರಾಜುಯೇಟ್.’ ಸೋಮವಾರವೂ ಮೊದಲ ಗ್ರಾಜುಯೇಟ್, ಮಂಗಳವಾರವೂ ಮೊದಲ ಗ್ರಾಜುಯೇಟ್! ಮಂಡಳಿಯ ಹಿರಿಯರೊಬ್ಬರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಪಿಎಚ್.ಡಿ. ಪಡೆದ ಪ್ರಾಧ್ಯಾಪಕರೆಲ್ಲ ಸೀರೆಯ ಸೆರಗು, ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಆ ಡಿಗ್ರಿ ನಾನು ಕಷ್ಟಪಟ್ಟು ಗಳಿಸಿದ್ದು. ಹೆಮ್ಮೆ ಇಲ್ಲವೆಂದಲ್ಲ. ಆದರೆ ಅದನ್ನು ಹೀಗೆ ಬೋರ್ಡಿಗೆ ತೂಗುಹಾಕಿದ ಮೇಲೆ ಎಲ್ಲಿ ಮುಖ ಇಡಲಿ? ಕಾಯಂ ಮಾತಿಗೆ ಮಂಡಳಿಯವರು ಮರಾಠಿಯಲ್ಲಿ “ಬಘೂ” ಎಂದಷ್ಟೇ ಅಂದು ಹೋದರು. ನೋಡೋಣ ಅಂತ.

ಮತ್ತೆ ಬಂದ ಮಾಮಾನಿಗೆ ಹೇಳಿದೆ: “ಮಾಮಾ, ಎಲ್ಲಾರೂ ನಕ್ಕರು. ನನಗ ಸಾಯೂವಷ್ಟ ನಾಚಿಕಿ ಆತು.”

“ನಕ್ಕರಾ?” ಅವನ ಮುಖ ಸಣ್ಣದಾಯಿತು. “ನಿನ್ನ ಹೆಸರ ಬರೇ ಹೆಸರ ನೋಡಿದ್ರ ನನಗ ಅರ್ಧಾ ಬಿಟ್ಟಂಗ ಅನಸ್ತದವ್ವಾ. ತಪ್ಪಾತು. ತಗದಬಿಡ್ತೀನಿ.”

ತಾನೇ ಕುಳಿತು, ಒಂದೇ ಬೆರಳಿನಲ್ಲಿ, ಆ ಸಾಲನ್ನು ಹುಡುಕಿ ಅಳಿಸಿದ. ನನ್ನ ಹೆಸರು ಒತ್ತಿ ತೋರಿಸಿದ. ಬರೀ ಹೆಸರು. ಏಕೋ ನನಗೂ ಅರ್ಧ ಬಿಟ್ಟಂತೆಯೇ ಕಂಡಿತು!

ಕುರ್ಚಿ ಎಳೆದುಕೊಂಡೆ. ಈ ಖಾನೆಯಲ್ಲಿ ಅವನ ಹೆಸರು, ಆ ಖಾನೆಯಲ್ಲಿ ನನ್ನ ಮಾತು. ಹೆಸರು ಒತ್ತಿ ಎಂಟರ್ ಹೊಡೆದೆ: ಹೆಸರಿನ ಬೆನ್ನಿಗೇ ‘ನನ್ನನ್ನು ಓದಿಸಿದ ಮಾಮಾ’ ಎಂದು ಮೂಡಿತು.

ಮಾಮಾ ಹೆಗಲ ಮೇಲಿನ ಟಾವೆಲ್ ಸರಕ್ಕನೆ ಪರದೆಯ ಮೇಲೆ ಹಾಕಿದ. “ಏ ಹುಡುಗಿ, ಮುಚ್ಚು, ಯಾರರ ನೋಡ್ಯಾರು!”

ಬಾಗಿಲವರೆಗೆ ಹೋದವನು ತಿರುಗಿ ಬಂದು ಮೆಲ್ಲಗೆ ಕೇಳಿದ:

“ಇದು ನಮ್ಮ ಅಂಗಡಿ ಕಂಪ್ಯೂಟರಿಗಿ ಹಚ್ಲಾಕ ಬರ್ತದೇನು?”