ಮೂವತ್ತಾರು ಮೂವತ್ತಾರರ ಅಡ್ಡಹೆಸರು

ನಮ್ಮ ಸರ್ಕಾರಕ್ಕೆ ಹತ್ತು ಸಾವಿರದವರೆಗೆ ಎಣಿಸಲು ಬರುವುದಿಲ್ಲವೆಂಬ ಘನಸತ್ಯ ನನಗೆ ಹೊಳೆದದ್ದು ಸಿಂದಗಿ ಸಂತೆಯಲ್ಲಿ, ಅದೂ ನನ್ನ ಕೊರಳಪಟ್ಟಿ ಪರರ ಮುಷ್ಟಿಯಲ್ಲಿದ್ದಾಗ.

ಸಂತೆ ಮುಗಿಸಿ ಗಾಡಿ ನಿಲ್ಲಿಸಿದಲ್ಲಿಗೆ ಬಂದೆವು. ಕರಿ ಬೈಕು, ನಂಬರಿನ ಶುರುವಿಗೆ 28, ಕೊನೆಗೆ 3636. ಕೀಲಿ ಹಾಕಿದೆ, ತಿರುಗಿತು. (ಸವೆದ ಕೀಲಿ ಪರರ ಗಾಡಿಗೂ ತಿರುಗುತ್ತದೆಂದು ಆಗ ಗೊತ್ತಿರಲಿಲ್ಲ.) ಹೆಂಡತಿ ಸುನಂದಾ ಹಿಂದೆ ಕೂತವಳೇ ರಾಗ ತೆಗೆದಳು.

“ಸೀಟು ಮೆತ್ತಗ ಐತಲ್ರೀ?”

“ಬಿಸಲಿಗೆ ಮೆತ್ತಗಾಗೇತಿ. ಸುಮ್ನ ಕುಂಡ್ರು.”

ಹತ್ತು ಮಾರು ಹೋಗಿಲ್ಲ, ಹಿಂದಿನಿಂದ “ಕಳ್ಳ! ಕಳ್ಳ!” ಎಂಬ ಕೂಗು. ಕಳ್ಳನನ್ನು ಹಿಡಿದುಕೊಡುವುದು ನಾಗರಿಕನ ಪರಮ ಕರ್ತವ್ಯವೆಂದು ಗಾಡಿ ನಿಲ್ಲಿಸಿದೆ. ಹಿಡಿದದ್ದು ನನ್ನನ್ನೇ!

ಹಿಡಿದವನು ಮುದ್ದೇಬಿಹಾಳದ ನಬಿಸಾಬ. ಸುತ್ತ ಸೇರಿದ ಮಂದಿ ಆಗಲೇ ತೋಳು ಏರಿಸುತ್ತಿದ್ದರು.

“ಗಾಡಿ ಇಳಿಯೋ ಮಗನ!”

ನನ್ನ ಪಿತ್ತ ನೆತ್ತಿಗೇರಿತು. “ಕಣ್ಣ ಹೋಗ್ಯಾವೇನಲೇ? ಮೂವತ್ತಾರು ಮೂವತ್ತಾರು! ನನ್ನ ನಂಬರು!”

“ನಂದೂ ಅದಽ ಐತಿ! ನಡುವಿನ ಅಕ್ಷರ ಓದು!”

ನಾನು ನಾಲ್ಕನೇ ಇಯತ್ತೆವರೆಗಷ್ಟೇ ಶಾಲೆ ಓದಿದವ. ಆ ಎರಡು ಇಂಗ್ಲಿಷ್ ಅಕ್ಷರ ಬರೀ ಅಲಂಕಾರಕ್ಕೆಂದೇ ತಿಳಿದಿದ್ದೆ. ಸುನಂದಾ ಇಳಿದು, ಬಗ್ಗಿ ನೋಡಿ, ಹಣೆ ಬಡಿದುಕೊಂಡಳು.

“ನಮ್ಮದರ ಅಕ್ಷರಕ್ಕ ಕೊಕ್ಕಿ ಐತಿ, ಅದು ಜೆ; ಇದಕ್ಕ ಬಾಲದ ಸೊನ್ನಿ, ಇದು ಕ್ಯೂ! ಇಪ್ಪತ್ತೆಂಟು ಅಂದ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಇಡೀ ಜಿಲ್ಲಾಕ್ಕ ಒಂದಽ. ನಾಕು ಒಂಬತ್ತರ ತನಕ ನಂಬರು ಮುಗದ್ವು ಅಂದ್ರ ಅಕ್ಷರ ಬದಲಿ ಮಾಡಿ ಮತ್ತ ಒಂದರಿಂದ ಸುರು ಮಾಡ್ತಾರ. ನಮ್ಮೂರಾಗ ನಾಕು ಮಂದಿ ಸಿದ್ದಲಿಂಗ ಇಲ್ಲೇನು? ಅಡ್ಡಹೆಸರು ಕೇಳದಽ ಯಾವ ಸಿದ್ದಲಿಂಗನ ಮನಿಗಾದ್ರೂ ಊಟಕ್ಕ ಹೊಕ್ಕೀರೇನು?”

ಜನ ಗೊಳ್ಳೆಂದರು. ಏರಿದ ತೋಳು ಇಳಿದವು. ನಬಿಸಾಬ ಕೊರಳಪಟ್ಟಿ ಬಿಟ್ಟು, ತಾನೇ ಅದರ ಸುಕ್ಕು ತೀಡಿದ. “ಅಕ್ಕಾರು ಇದ್ರು, ಉಳಕೊಂಡ್ರಿ ಕಾಕಾ.” ನನ್ನ ಗಾಡಿ ಉಳ್ಳಾಗಡ್ಡಿ ರಾಶಿಯ ಆಚೆ ಕೊಕ್ಕೆ ಸಮೇತ ನಿಂತಿತ್ತು.

ಬದುಕಿದೆಯಾ ಬಡಜೀವವೇ! ಮಂದಿ ಮನಸ್ಸು ಬದಲಿಸುವ ಮೊದಲೇ ಒಂದೇ ಕಿಕ್ಕಿಗೆ ಚಾಲೂ ಮಾಡಿ ಊರು ದಾಟಿದೆ. ಎಂಥ ತಂಪು ಗಾಳಿ! ದೇವಣಗಾಂವದ ಹಾದಿಯಲ್ಲಿ ಬಾಯಿಗೆ ಹಾಡೂ ಬಂತು. ಅಷ್ಟರಲ್ಲಿ ಫೋನು. ಸುನಂದಾಳದು.

“ಹಿಂದ ಕುಂತು ಯಾಕ ಫೋನ್ ಹಚ್ಚೀದಿ?” ಎಂದು ಗದರಿದೆ.

“ಕದ್ದ ಗಾಡಿ ಮ್ಯಾಲೆ ನನ್ನ ಕುಂಡ್ರಿಸ್ಕೊಂಡು ಹೊಂಟಿದ್ರಿ. ಸ್ವಂತ ಗಾಡಿ ಸಿಕ್ಕ ಕೂಡ್ಲೆ ನನ್ನ ಸಂತ್ಯಾಗ ಬಿಟ್ಟು ಹೋದ್ರೇನು?”